ಉಪ್ಪಿನ ಊರಿನಲ್ಲಿ ಒಂದು ಬಾಗಿಲು

ಜನವರಿಯ ಒಂದು ಬೆಳಗಿನ ಜಾವ. ಅಮೆರಿಕದ ಡೆಟ್ರಾಯಿಟ್ ನಗರದ ವುಡ್‌ವರ್ಡ್ ಅವೆನ್ಯೂ ಇನ್ನೂ ಕತ್ತಲಲ್ಲಿದೆ. ರಾತ್ರಿಯಿಡೀ ಬಿದ್ದ ಹಿಮ ರಸ್ತೆಯ ಮೇಲೆ ಮೊಳದುದ್ದ ಕೂತಿದೆ. ದೂರದಲ್ಲಿ ಹಳದಿ ದೀಪ ಮಿನುಗಿಸುತ್ತಾ ಒಂದು ಭಾರಿ ಲಾರಿ ಬರುತ್ತದೆ. ಅದರ ಮುಂದೆ ಕಟ್ಟಿದ ಅಗಲವಾದ ಸಲಿಕೆ ಹಿಮವನ್ನು ಪಕ್ಕಕ್ಕೆ ದಬ್ಬುತ್ತದೆ. ಹಿಂಬದಿಯಲ್ಲಿ ತಿರುಗುವ ತಟ್ಟೆಯಿಂದ ಬಿಳಿಯ ಹರಳುಗಳು ಚಿಮ್ಮುತ್ತವೆ. ಹೊಲದಲ್ಲಿ ರಾಗಿಯನ್ನು ಚೆಲ್ಲಿ ಬಿತ್ತಿದ ಹಾಗೆ ಆ ಲಾರಿ ಊರ ತುಂಬಾ ಉಪ್ಪು ಬಿತ್ತುತ್ತಾ ಹೋಗುತ್ತದೆ.

ಜಗತ್ತಿಗೆ ಮೋಟಾರು ಕೊಟ್ಟ ಊರು ಇದು. ಕಾರು, ಟ್ರಕ್ಕುಗಳನ್ನು ಲಕ್ಷಗಟ್ಟಲೆ ತಯಾರಿಸಿದ ಇದೇ ಊರು ಚಳಿಗಾಲದಲ್ಲಿ ಅವನ್ನು ಉಪ್ಪಿನಲ್ಲಿ ಅದ್ದಿ ತೆಗೆಯುತ್ತದೆ. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಉಪ್ಪು ತಿಂದ ಕಬ್ಬಿಣ ನೀರು ಕುಡಿಯುತ್ತದೆ, ಗಾಳಿಯನ್ನೂ ಕುಡಿಯುತ್ತದೆ, ಕೊನೆಗೆ ಕೆಂಪು ಪುಡಿಯಾಗಿ ಉದುರುತ್ತದೆ.

ನೆಲದಡಿಯ ಬಿಳಿ ಊರು

ಈ ಉಪ್ಪು ದೂರದಿಂದ ಬರಬೇಕಾಗಿಲ್ಲ. ಡೆಟ್ರಾಯಿಟ್ ನಗರದ ಅಡಿಯಲ್ಲೇ, 1,100 ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿಯಿದೆ. ಸುಮಾರು 40 ಕೋಟಿ ವರ್ಷಗಳ ಹಿಂದೆ ಮಿಷಿಗನ್ ಪ್ರದೇಶವನ್ನು ಆಳವಲ್ಲದ ಸಮುದ್ರ ಆವರಿಸಿತ್ತು. ಅದರ ನೀರು ಆವಿಯಾಗುತ್ತಾ ಹೋಗಿ ಉಪ್ಪು ಪದರಪದರವಾಗಿ ಉಳಿಯಿತು. ಮೇಲೆ ಮಣ್ಣು, ಕಲ್ಲು ಕೂತು ಎಲ್ಲವೂ ಮುಚ್ಚಿಹೋಯಿತು. 1906ರಲ್ಲಿ ಬಾವಿ ತೋಡಲು ಆರಂಭಿಸಿದರು. ಉಪ್ಪಿನ ಪದರ ಮುಟ್ಟಿ ಕೆಲಸ ಮುಗಿದದ್ದು 1910ರಲ್ಲಿ. ಈಗ ಅಲ್ಲಿ ಸುಮಾರು 1,500 ಎಕರೆ ವಿಸ್ತಾರದ ಗುಹೆಗಳಿವೆ, 100 ಮೈಲಿಗೂ ಉದ್ದದ ದಾರಿಗಳಿವೆ. ಮೇಲೆ ಮನೆ, ಶಾಲೆ, ಕಾರ್ಖಾನೆ. ಕೆಳಗೆ ಉಪ್ಪಿನ ಕಂಬಗಳ ಮೇಲೆ ನಿಂತ ಬಿಳಿ ಊರು.

ಅಲ್ಲಿ ಉಪ್ಪು ಸಾಗಿಸುವ ವಾಹನಗಳ ಕಥೆ ಸ್ವಾರಸ್ಯವಾಗಿದೆ. ಗಣಿಯ ಬಾವಿ ಕಿರಿದು. ಇಡೀ ಟ್ರಕ್ಕು ಅದರಲ್ಲಿ ಇಳಿಯುವುದಿಲ್ಲ. ಆದ್ದರಿಂದ ಅದನ್ನು ಮೇಲೆ ಬಿಡಿಬಿಡಿಯಾಗಿ ಬಿಚ್ಚಿ, ತುಂಡುತುಂಡಾಗಿ ಇಳಿಸಿ, ಕೆಳಗಿನ ಕಾರ್ಯಾಗಾರದಲ್ಲಿ ಮತ್ತೆ ಜೋಡಿಸುತ್ತಾರೆ. ಬಿಚ್ಚಿದ್ದನ್ನು ಮೊದಲಿನಂತೆಯೇ ಕೂಡಿಸುವುದು ಎಂಥ ಕೆಲಸ ಎಂಬುದು ಆ ಪಾತಾಳದ ಕೆಲಸಗಾರರಿಗೆ ಚೆನ್ನಾಗಿ ಗೊತ್ತು. ಅದೇ ಪಾಠವನ್ನು ನೆಲದ ಮೇಲಿನ ಒಂದು ಪುಟ್ಟ ಗ್ಯಾರೇಜು ಕಷ್ಟಪಟ್ಟು ಕಲಿಯಬೇಕಾಯಿತು. ಆ ಕಥೆ ಮುಂದೆ ಬರುತ್ತದೆ.

ಹಿಮಕ್ಕೆ ಉಪ್ಪು ಏಕೆ ಎಂಬುದನ್ನು ಐಸ್‌ಕ್ರೀಮ್ ಕಡೆಯುವವರನ್ನು ನೋಡಿದವರು ಬಲ್ಲರು. ಮಂಜುಗಡ್ಡೆಗೆ ಉಪ್ಪು ಬೆರೆಸಿದರೆ ಅದು ಕರಗುತ್ತದೆ, ಆದರೂ ಶೂನ್ಯ ಡಿಗ್ರಿಗಿಂತ ತಣ್ಣಗಾಗುತ್ತದೆ. ಉಪ್ಪುನೀರು ಹೆಪ್ಪುಗಟ್ಟಲು ಹೆಚ್ಚು ಚಳಿ ಬೇಕು. 100 ಭಾಗ ದ್ರಾವಣದಲ್ಲಿ ಸುಮಾರು 23 ಭಾಗ ಉಪ್ಪಿದ್ದರೆ ಅದು ಮೈನಸ್ 21 ಡಿಗ್ರಿ ಸೆಲ್ಸಿಯಸ್‌ವರೆಗೂ ನೀರಾಗಿಯೇ ಉಳಿಯಬಲ್ಲದು. ರಸ್ತೆಯ ಮೇಲೆ ಇಷ್ಟು ಗಟ್ಟಿ ದ್ರಾವಣ ಸಿಗುವುದಿಲ್ಲವಾದ್ದರಿಂದ ಕಡುಚಳಿಯಲ್ಲಿ ಉಪ್ಪಿನ ಆಟ ನಡೆಯುವುದಿಲ್ಲ. ಉಳಿದ ದಿನಗಳಲ್ಲಿ ಅದು ಜೀವ ಉಳಿಸುತ್ತದೆ. ವಾಹನಗಳು ಜಾರಿ ಒಂದಕ್ಕೊಂದು ಬಡಿಯುವುದನ್ನು ತಪ್ಪಿಸುತ್ತದೆ.

ಆದರೆ ಅದೇ ನೀರು ಚಕ್ರಗಳಿಂದ ಸಿಡಿದು ವಾಹನದ ಅಡಿಯ ಮೂಲೆಮೂಲೆಗೂ ಸೇರುತ್ತದೆ. ತುಕ್ಕು ಹಿಡಿಯುವುದು ವಿದ್ಯುತ್ ಕೋಶದಂಥ ಕ್ರಿಯೆ. ಕಬ್ಬಿಣದ ಒಂದು ಚುಕ್ಕೆ ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತದೆ. ಪಕ್ಕದ ಇನ್ನೊಂದು ಚುಕ್ಕೆಯಲ್ಲಿ ನೀರು ಮತ್ತು ಆಮ್ಲಜನಕ ಅವನ್ನು ತೆಗೆದುಕೊಳ್ಳುತ್ತವೆ. ಶುದ್ಧ ನೀರಿನಲ್ಲಿ ಈ ವ್ಯವಹಾರ ನಿಧಾನ. ಉಪ್ಪು ಬೆರೆತರೆ ನೀರು ಒಳ್ಳೆಯ ವಾಹಕವಾಗಿ ವ್ಯವಹಾರ ಚುರುಕಾಗುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ, ಎರಡು ತಗಡುಗಳ ಸಂದಿಯಲ್ಲಿ ಬೆಳೆದು ಬೆಸುಗೆಯನ್ನೇ ಸೀಳುತ್ತದೆ. ಕಾರವಾರ, ಮಲ್ಪೆಗಳಲ್ಲಿ ಮೀನು ಸಾಗಿಸುವ ಲಾರಿಗಳ ಅಡಿ ಬಗ್ಗಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉಪ್ಪಿನ ಅಂಶದ ಕೆಲಸ ಎಷ್ಟು ಗಂಭೀರವೆಂದು ಡೆಟ್ರಾಯಿಟ್‌ನಿಂದ ಸುಮಾರು 100 ಕಿ.ಮೀ. ದೂರದ ಫ್ಲಿಂಟ್ ಪಟ್ಟಣ ತೋರಿಸಿತು. 2014ರ ಏಪ್ರಿಲ್‌ನಲ್ಲಿ ಆ ಪಟ್ಟಣ ಕುಡಿಯುವ ನೀರನ್ನು ಫ್ಲಿಂಟ್ ನದಿಯಿಂದ ಪಡೆಯತೊಡಗಿತು. ನೀರಿನಲ್ಲಿ ಕ್ಲೋರೈಡ್ ಹೆಚ್ಚಾಗಿ ಲೋಹದ ಭಾಗಗಳು ಕೆಡುತ್ತಿವೆಯೆಂದು ಅಲ್ಲಿನ ಜನರಲ್ ಮೋಟಾರ್ಸ್ ಎಂಜಿನ್ ಕಾರ್ಖಾನೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ನೀರನ್ನು ಬಿಟ್ಟಿತು. ಮನೆಗಳ ಜನ ಕುಡಿಯುತ್ತಲೇ ಇದ್ದರು. ಕೊಳವೆಗಳನ್ನು ಕಾಪಾಡುವ ರಾಸಾಯನಿಕ ಸೇರಿಸದ ಆ ನೀರು ಹಳೆಯ ಸೀಸದ ಕೊಳವೆಗಳನ್ನು ಕೊರೆದು ಮಕ್ಕಳ ರಕ್ತಕ್ಕೆ ಸೀಸ ಸೇರಿಸಿತು. ಪಟ್ಟಣ ಮತ್ತೆ ಡೆಟ್ರಾಯಿಟ್ ನೀರಿಗೆ ಮರಳಿದ್ದು 2015ರ ಅಕ್ಟೋಬರ್‌ನಲ್ಲಿ. ಲೋಹ ಕೊಟ್ಟ ಎಚ್ಚರಿಕೆಯನ್ನು ಕಾರ್ಖಾನೆ ಓದಿತು, ಊರು ತಡವಾಗಿ ಓದಿತು.

ರೂಜ್ ದಡದಲ್ಲಿ

ಡೆಟ್ರಾಯಿಟ್‌ಗೆ ಅಂಟಿಕೊಂಡ ಊರು ಡಿಯರ್‌ಬಾರ್ನ್. ಇಲ್ಲಿ ರೂಜ್ ನದಿಯ ದಡದಲ್ಲಿ ಹೆನ್ರಿ ಫೋರ್ಡ್ 1917ರಿಂದ 1928ರವರೆಗೆ ಕಟ್ಟಿಸಿದ ಕಾರ್ಖಾನೆ ಸಮುಚ್ಚಯವಿದೆ. ಒಂದು ಬಾಗಿಲಿನಿಂದ ಅದಿರು ಒಳಹೋಗಿ ಇನ್ನೊಂದರಿಂದ ಕಾರು ಹೊರಬರಬೇಕೆಂಬುದು ಅವನ ಕನಸು. ಒಂದು ಕಾಲಕ್ಕೆ ಇಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಮೆಕ್ಸಿಕೋದ ಕಲಾವಿದ ಡಿಯೇಗೊ ರಿವೇರಾ 1932–33ರಲ್ಲಿ ಡೆಟ್ರಾಯಿಟ್ ಕಲಾ ಸಂಸ್ಥೆಯ ಗೋಡೆಗಳ ಮೇಲೆ 27 ಚಿತ್ರಗಳಲ್ಲಿ ಬಿಡಿಸಿದ್ದು ಮುಖ್ಯವಾಗಿ ಈ ಕಾರ್ಖಾನೆಯ ಬದುಕನ್ನೇ.

ಹೆನ್ರಿ ಫೋರ್ಡ್ ಮ್ಯೂಸಿಯಂ ನೋಡಲು ಬಂದವರನ್ನು ಬಸ್ಸಿನಲ್ಲಿ ಇಲ್ಲಿಗೂ ಕರೆತರುತ್ತಾರೆ. ಎತ್ತರದ ನಡೆದಾರಿಯಿಂದ ಕೆಳಗೆ ಟ್ರಕ್ಕುಗಳು ಜೋಡಣೆಯಾಗುವುದನ್ನು ನೋಡಬಹುದು. ಕಟ್ಟಡದ ಮೇಲ್ಛಾವಣಿಯ 10 ಎಕರೆಗೂ ಹೆಚ್ಚು ಜಾಗದಲ್ಲಿ ಪುಟ್ಟ ರಸಭರಿತ ಸಸ್ಯಗಳನ್ನು ಬೆಳೆಸಿದ್ದಾರೆ. ಊರು ಕನ್ನಡಿಗರಿಗೂ ಅಪರಿಚಿತವಲ್ಲ. ಮೋಟಾರು ಕಂಪನಿಗಳ ಎಂಜಿನಿಯರುಗಳಾಗಿ ಬಂದು ನೆಲೆಸಿದ ಕುಟುಂಬಗಳಿವೆ, ಪಂಪ ಕನ್ನಡ ಕೂಟವಿದೆ. 2002ರಲ್ಲಿ ‘ಅಕ್ಕ’ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಡೆಟ್ರಾಯಿಟ್‌ನಲ್ಲೇ.

ಫೋರ್ಡ್ ಕಂಪನಿಯ ‘ಎಫ್’ ಸರಣಿಯ ಟ್ರಕ್ಕುಗಳು ಹೊರಬಂದದ್ದು 1948ರಲ್ಲಿ. ಯುದ್ಧದ ನಂತರ ಹೊಸದಾಗಿ ರೂಪಿಸಿದ ಅದರ ಕ್ಯಾಬಿನ್ನನ್ನು ಕಂಪನಿ ‘ಹತ್ತು ಲಕ್ಷ ಡಾಲರಿನ ಕ್ಯಾಬಿನ್’ ಎಂದು ಜಾಹೀರಾತು ಮಾಡಿತು. ಚಾಸಿಯ ಕುಲುಕಾಟ ಚಾಲಕನಿಗೆ ತಟ್ಟದಂತೆ ಕ್ಯಾಬಿನ್ ಮತ್ತು ಚಾಸಿಯ ನಡುವೆ ರಬ್ಬರಿನ ಮೆತ್ತೆಗಳನ್ನಿಟ್ಟಿದ್ದರು. ಆದರೆ ಆ ಕಾಲದ ಕ್ಯಾಬಿನ್ ಬರಿಯ ಉಕ್ಕಿನ ತಗಡು. ಟೊಳ್ಳು ಪೆಟ್ಟಿಗೆಯಂಥ ಭಾಗಗಳ ಒಳಗೆ ಬಣ್ಣ ಸರಿಯಾಗಿ ತಲುಪುತ್ತಿರಲಿಲ್ಲ. ಕೆಸರು ಮತ್ತು ಉಪ್ಪು ಒಳಸೇರಿ ಒದ್ದೆಯಾಗಿಯೇ ಇರುತ್ತಿದ್ದವು. ತುಕ್ಕು ಮೊದಲು ಹಿಡಿಯುತ್ತಿದ್ದುದು ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿ, ಕ್ಯಾಬಿನ್ನಿನ ಹಿಂಬದಿಯ ಕೆಳಮೂಲೆಗಳು, ಕಾಲಿಡುವ ನೆಲ ಮತ್ತು ರಬ್ಬರ್ ಮೆತ್ತೆ ಕೂರುವ ಜಾಗಕ್ಕೆ. ಇಡೀ ಕ್ಯಾಬಿನ್ನಿನ ಆಕಾರವನ್ನು ಹಿಡಿದಿಡುವುದೂ ಇವೇ.

ಮುಚ್ಚದ ಬಾಗಿಲು

ಡಿಯರ್‌ಬಾರ್ನಿನ ಒಂದು ಸಾಧಾರಣ ಬೀದಿ. ಮನೆಯ ಹಿಂದಿನ ಗ್ಯಾರೇಜಿನಲ್ಲಿ 1950ರ ಎಫ್-1 ಟ್ರಕ್ಕು ನಿಂತಿದೆ. ಅದರ ಒಡೆಯ ಎಪ್ಪತ್ತು ದಾಟಿದವರು. ಕಾರ್ಖಾನೆಯಲ್ಲಿ ತಗಡು ಒತ್ತುವ ಅಚ್ಚುಗಳನ್ನು ತಯಾರಿಸುತ್ತಾ ಬದುಕು ಸವೆಸಿದವರು. ಕೂದಲೆಳೆಯ ದಪ್ಪದ ವ್ಯತ್ಯಾಸವನ್ನೂ ಬಿಡದೆ ಅಳೆದ ಕೈ. ಟ್ರಕ್ಕು ಅವರ ತಂದೆ ಹೊಲದ ಕೆಲಸಕ್ಕೆ ಕೊಂಡದ್ದು. ಪ್ರತಿ ಆಗಸ್ಟ್ ತಿಂಗಳ ಮೂರನೆಯ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೆಯ ವಾಹನಗಳ ದೊಡ್ಡ ಮೆರವಣಿಗೆ ನಡೆಯುತ್ತದೆ. 1995ರಲ್ಲಿ ಆರಂಭವಾದ ಈ ‘ಡ್ರೀಮ್ ಕ್ರೂಸ್’ನಲ್ಲಿ ಟ್ರಕ್ಕನ್ನು ಓಡಿಸಬೇಕು, ಪಕ್ಕದಲ್ಲಿ ಒಂಬತ್ತನೆಯ ತರಗತಿಯ ಮೊಮ್ಮಗಳು ಕೂತಿರಬೇಕು ಎಂಬುದು ಅವರ ಆಸೆ. ಕೈ ನಡುಗಲು ತೊಡಗಿತ್ತು. ಇನ್ನೆಷ್ಟು ಬೇಸಿಗೆ ಸಿಗುತ್ತವೆಯೋ ಎಂಬ ಅಳುಕು ಮನೆಯಲ್ಲಿ ಎಲ್ಲರಿಗೂ ಇತ್ತು.

ಚಳಿಗಾಲದಲ್ಲಿ ಎಡಬದಿಯ ಕೊಳೆತ ಹೊಸ್ತಿಲ ಪಟ್ಟಿಯನ್ನೂ, ಕೀಲು ಕಂಬದ ಬುಡದ ಆಸರೆಯನ್ನೂ ಕತ್ತರಿಸಿ ತೆಗೆದರು. ಬಾಗಿಲು ಕೀಲಿನಲ್ಲಿ ತೂಗುತ್ತಲೇ ಇತ್ತು. ಅಂಗಡಿಯಿಂದ ತಂದ ಹೊಸ ಪಟ್ಟಿಯನ್ನು ಇಟ್ಟು ನೋಡಿದರೆ ಅದು ಒಂದು ಸೆಂಟಿಮೀಟರ್ ಗಿಡ್ಡ. ಈಗಿನವರು ಅಳತೆಗೆ ಸರಿಯಾಗಿ ಮಾಡುವುದಿಲ್ಲವೆಂದು ಗೊಣಗಿ, ತುಂಡು ತಗಡು ಸೇರಿಸಿ ಬೆಸುಗೆ ಹಾಕಿದರು. ಬಾಗಿಲು ಮುಚ್ಚಹೋದರೆ ಮುಚ್ಚಲೊಲ್ಲದು. ಚಿಲಕದ ತುದಿ ಕಂಬದ ಕೊಂಡಿಗಿಂತ ಕೆಳಗೆ ಬಡಿಯುತ್ತದೆ.

ಮಾರ್ಚ್ ತಿಂಗಳಿಡೀ ಬಾಗಿಲಿನ ಜೊತೆ ಗುದ್ದಾಟ ನಡೆಯಿತು. ಕೀಲಿನ ಹಿಂದೆ ತೆಳು ತಗಡಿನ ಬಿಲ್ಲೆ ಇಟ್ಟರು, ತೆಗೆದರು. ಕೊಂಡಿಯನ್ನು ಅರದಿಂದ ಉಜ್ಜಿದರು. ಮರದ ದಿಮ್ಮಿ ಕೊಟ್ಟು ಬಾಗಿಲನ್ನೇ ಮೇಲಕ್ಕೆ ಮೀಟಿದರು. ಒಂದು ಮೂಲೆ ಸರಿಹೋದರೆ ಇನ್ನೊಂದು ಮೂಲೆಯ ಸಂದಿ ಬಾಯಿಬಿಡುತ್ತಿತ್ತು.

ಒಂದು ಸಂಜೆ ಮೊಮ್ಮಗಳು ಅಳತೆಯ ಟೇಪು ಹಿಡಿದು ಬಂದಳು. ಬಲಬದಿಗೆ ಇನ್ನೂ ಕತ್ತರಿ ತಾಗಿರಲಿಲ್ಲ. ಆ ಬಾಗಿಲಿನ ತೆರಪಿನಲ್ಲಿ ಎರಡು ಕರ್ಣಗಳನ್ನು ಅಳೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದಳು. ಎಡಬದಿಯ ಅದೇ ಬಿಂದುಗಳ ನಡುವೆ ಮತ್ತೆ ಅಳೆದಳು. ಕೀಲು ಕಂಬದ ತಲೆಯಿಂದ ಚಿಲಕ ಕಂಬದ ಬುಡಕ್ಕೆ ಬರುವ ಕರ್ಣ ಎರಡೂ ಕಡೆ ಒಂದೇ. ಕೀಲು ಕಂಬದ ಬುಡದಿಂದ ಚಿಲಕ ಕಂಬದ ತಲೆಗೆ ಹೋಗುವ ಕರ್ಣ ಮಾತ್ರ ಎಡಕ್ಕೆ 6 ಮಿಲಿಮೀಟರ್ ಉದ್ದ.

“ತಾತ, ಪಟ್ಟಿ ಗಿಡ್ಡ ಅಲ್ಲ. ಕಂಬದ ಬುಡ ಮುಂದಕ್ಕೆ ಹೋಗಿದೆ.”

ತಾತ ಮಾತಾಡಲಿಲ್ಲ. ಟೇಪು ಇಸಿದುಕೊಂಡು ತಾವೇ ಮೂರು ಸಲ ಅಳೆದರು. ಆಮೇಲೆ ಸ್ಟೂಲಿನ ಮೇಲೆ ಕೂತು ತಾವು ಹಾಕಿದ ಅಚ್ಚುಕಟ್ಟಾದ ಬೆಸುಗೆಯನ್ನು ಬಹಳ ಹೊತ್ತು ನೋಡಿದರು.

“ಹಾಗಾದರೆ ಕತ್ತರಿಸೋಣ” ಎಂದರು.

ಕರ್ಣ ಹೇಳಿದ ಗುಟ್ಟು

ಹುಡುಗಿಯ ತರ್ಕವನ್ನು ನಮ್ಮ ಶಾಲೆಯ ಯಾವ ಮಕ್ಕಳಾದರೂ ಹಿಡಿಯಬಲ್ಲರು. ಲೆಕ್ಕದ ಅನುಕೂಲಕ್ಕೆ ಬಾಗಿಲ ತೆರಪು 90 ಸೆಂ.ಮೀ. ಅಗಲ, 120 ಸೆಂ.ಮೀ. ಎತ್ತರದ ಆಯತ ಎಂದುಕೊಳ್ಳೋಣ. ಪೈಥಾಗೊರಸನ ಪ್ರಮೇಯದಂತೆ ಕರ್ಣ 150 ಸೆಂ.ಮೀ. ಈಗ ಒಂದು ಕಂಬದ ಬುಡ ಮಾತ್ರ 1 ಸೆಂ.ಮೀ. ಹೊರಸರಿಯಲಿ. ಆ ಬುಡಕ್ಕೆ ಸೇರಿದ ಕರ್ಣದ ಅಗಲ 91 ಆಯಿತು. 91ರ ವರ್ಗಕ್ಕೆ 120ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 150.6. ಅಂದರೆ 6 ಮಿ.ಮೀ. ಹೆಚ್ಚಳ. ಇನ್ನೊಂದು ಕರ್ಣ ಸರಿದ ಮೂಲೆಯನ್ನು ಮುಟ್ಟುವುದೇ ಇಲ್ಲ. ಅದು ಹಾಗೇ ಉಳಿಯುತ್ತದೆ. ಯಾವ ಕರ್ಣ ಬದಲಾಯಿತೆಂದು ನೋಡಿ ಯಾವ ಮೂಲೆಗಳನ್ನು ಅನುಮಾನಿಸಬೇಕೆಂದು ಹೇಳಬಹುದು. ಕತ್ತರಿಸಿದ್ದು ಬುಡವನ್ನಾದ್ದರಿಂದ ಕಳ್ಳ ಅಲ್ಲೇ ಸಿಕ್ಕಿಬಿದ್ದ. ಅಂಗಡಿಯ ಪಟ್ಟಿ ಗಿಡ್ಡವೆನಿಸಿದ್ದೂ ಸರಿಯಾಗಿ 1 ಸೆಂಟಿಮೀಟರ್!

ಬುಡ ಸರಿದದ್ದೇಕೆ? ಬಾಗಿಲಿನ ಭಾರ ಕೀಲು ಕಂಬದ ಮೇಲೆ ತೂಗುತ್ತದೆ. ಮೇಲಿನ ಕೀಲನ್ನು ಅದು ಹಿಂದಕ್ಕೆ ಎಳೆಯುತ್ತದೆ, ಕೆಳಗಿನ ಕೀಲನ್ನು ಮುಂದಕ್ಕೆ ದಬ್ಬುತ್ತದೆ. ಬುಡವನ್ನು ಹಿಡಿದಿಟ್ಟಿದ್ದ ಹೊಸ್ತಿಲ ಪಟ್ಟಿಯೇ ಹೋದಾಗ ತಡೆಯುವವರಿಲ್ಲ. ಕಂಬ 120 ಸೆಂ.ಮೀ. ಎತ್ತರದಲ್ಲಿ 1 ಸೆಂ.ಮೀ. ವಾಲಿದರೆ, 90 ಸೆಂ.ಮೀ. ಅಗಲದ ಬಾಗಿಲಿನ ತುದಿ ಅದೇ ಪ್ರಮಾಣದಲ್ಲಿ, ಅಂದರೆ ಏಳೂವರೆ ಮಿ.ಮೀ. ಕೆಳಗಿಳಿಯುತ್ತದೆ. ಚಿಲಕ ಕೊಂಡಿಗೆ ಸಿಗದಿರಲು ಅಷ್ಟು ಸಾಕು. ರೋಗ ಕಂಬದ ಬುಡದಲ್ಲಿ, ಒಂದು ತಿಂಗಳು ಚಿಕಿತ್ಸೆ ನಡೆದದ್ದು ಕೊಂಡಿಗೆ.

ನಾಲ್ಕು ಪಟ್ಟಿಗಳನ್ನು ನಾಲ್ಕು ಮೊಳೆಗಳಿಂದ ಚೌಕವಾಗಿ ಜೋಡಿಸಿ ಒಂದು ಮೂಲೆ ಒತ್ತಿ ನೋಡಿ, ಅದು ವಾಲಿಕೊಳ್ಳುತ್ತದೆ. ಕರ್ಣದ ಗುಂಟ ಐದನೆಯ ಪಟ್ಟಿ ಹೊಡೆಯಿರಿ, ಅದು ಎರಡು ತ್ರಿಕೋನಗಳಾಗಿ ಅಲುಗದೆ ನಿಲ್ಲುತ್ತದೆ. ಹೊಸ ಮನೆಯ ಬಾಗಿಲಿನ ದಾರಂದ ನಿಲ್ಲಿಸುವಾಗ ನಮ್ಮ ಬಡಗಿಗಳು ಓರೆಯಾಗಿ ಒಂದು ರೀಪು ಹೊಡೆದು, ಗೋಡೆ ಎದ್ದು ಗಾರೆ ಒಣಗುವವರೆಗೆ ಬಿಟ್ಟಿರುತ್ತಾರಲ್ಲ, ಅದೂ ಇದೇ ತತ್ವ. ಟ್ರಕ್ಕಿನ ಕ್ಯಾಬಿನ್ನಿಗೂ ಕತ್ತರಿ ಮುಟ್ಟಿಸುವ ಮೊದಲು ಆ ರೀಪು ಬೇಕಿತ್ತು.

ಮತ್ತೆ ಮೊದಲಿನಿಂದ

ಏಪ್ರಿಲ್‌ನಲ್ಲಿ ಕೆಲಸ ಬುಡದಿಂದ ಶುರುವಾಯಿತು. ಅಕ್ಷರಶಃ ಬುಡದಿಂದ. ಕ್ಯಾಬಿನ್ ಕೂರುವುದು ಚಾಸಿಯ ಮೇಲೆ. ಚಾಸಿಯೇ ಸೊಟ್ಟ ನಿಂತಿದ್ದರೆ ಮೇಲಿನ ಅಳತೆಗಳಿಗೆ ಅರ್ಥವಿಲ್ಲ. ನಾಲ್ಕು ಆಸರೆಗಳ ಮೇಲೆ ಚಾಸಿಯನ್ನು ಮಟ್ಟಗೋಲು ಇಟ್ಟು ಸಮ ಮಾಡಿದರು, ಅದರ ಕರ್ಣಗಳನ್ನೂ ತಾಳೆ ನೋಡಿದರು. ಜಜ್ಜಿಹೋದ ರಬ್ಬರ್ ಮೆತ್ತೆಗಳನ್ನು ಬದಲಿಸಿದರು. ಬಾಗಿಲ ತುದಿ ಹಿಡಿದು ಮೇಲಕ್ಕೆತ್ತಿ, ಕೀಲಿನ ಸರಳು ಸವೆದು ಸಡಿಲವಾಗಿದೆಯೇ ಎಂದು ನೋಡಿದರು. ಸವೆದಿತ್ತು, ಹೊಸ ಸರಳು ಹಾಕಿದರು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಮುಂದಿನ ಅಳತೆ ಸುಳ್ಳು ಹೇಳುತ್ತದೆ.

ಬಾಗಿಲನ್ನು ಕಳಚಿ ಭಾರ ಇಳಿಸಿದರು. ತಮ್ಮದೇ ಬೆಸುಗೆಯನ್ನು ಅರೆದು ಬಿಡಿಸಿದರು. ಎರಡು ಕಂಬಗಳ ನಡುವೆ ತಿರುಪಿನ ಎಳೆಸರಳು ಕಟ್ಟಿ, ಹುಡುಗಿ ಟೇಪು ಹಿಡಿದು ಕೂಗುತ್ತಿದ್ದಂತೆ ತಾತ ಅರ್ಧರ್ಧ ಸುತ್ತು ಬಿಗಿದರು. ನೆಲದ ಮೇಲಿನ ಸೀಮೆಸುಣ್ಣದ ಅಂಕಿಗೆ ಕರ್ಣ ಬಂದು ನಿಂತಿತು. ಆಗ ಚೌಕ ಕೊಳವೆಯ ತುಂಡುಗಳನ್ನು ತೆರಪಿಗೆ ಅಡ್ಡಲಾಗಿ, ಓರೆಯಾಗಿ ಬೆಸೆದು ಬಂಧಿಸಿದರು. ಹೊಸ ಪಟ್ಟಿಯನ್ನು ಇಟ್ಟರೆ ಹೇಳಿ ಮಾಡಿಸಿದಂತೆ ಕೂತಿತು.

ಬೆಸುಗೆಯಲ್ಲೂ ಅವಸರವಿಲ್ಲ. ಒಂದು ಮೀಟರ್ ಉದ್ದದ ಉಕ್ಕು 100 ಡಿಗ್ರಿ ಬಿಸಿಯಾದರೆ ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಕರಗಿದ ಬೆಸುಗೆ ತಣಿಯುವಾಗ ಕುಗ್ಗಿ ತೆಳು ತಗಡನ್ನು ಸೆಳೆದು ಸುಕ್ಕುಗಟ್ಟಿಸುತ್ತದೆ. ಆದ್ದರಿಂದ ಮೊದಲು ಅಲ್ಲಲ್ಲಿ ಚುಕ್ಕೆ ಬೆಸುಗೆ ಮಾತ್ರ ಹಾಕಿ, ಅಡ್ಡ ಬರುವ ಕೊಳವೆಯೊಂದನ್ನು ತೆಗೆದು, ಬಾಗಿಲು ತೂಗುಹಾಕಿ ಮುಚ್ಚಿ ನೋಡಿದರು. ಸುತ್ತಲಿನ ಸಂದಿ ಒಂದೇ ಸಮ ಇದೆಯೆಂದು ಖಾತ್ರಿಯಾದ ಮೇಲೆಯೇ ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ ಬೆಸೆಯುತ್ತಾ, ಕೈಯಿಟ್ಟು ತಣಿದದ್ದು ನೋಡುತ್ತಾ ಮುಗಿಸಿದರು. ಆ ಬದಿ ಪೂರ್ತಿಯಾಗುವವರೆಗೆ ಬಲಬದಿಯನ್ನು ಮುಟ್ಟಲಿಲ್ಲ. ಎರಡೂ ಬದಿ ಒಟ್ಟಿಗೆ ಕತ್ತರಿಸಿದ್ದರೆ ತಾಳೆ ನೋಡಲು ಮೂಲ ಪ್ರತಿಯೇ ಉಳಿಯುತ್ತಿರಲಿಲ್ಲ. ಕೊನೆಗೆ ಪಟ್ಟಿಯ ಒಳಗೆ ಮೇಣದಂಥ ದ್ರವ ಸಿಂಪಡಿಸಿ, ಅಡಿಯಲ್ಲಿ ನೀರು ಬಸಿಯುವ ತೂತುಗಳು ತೆರೆದಿವೆಯೇ ಎಂದು ತಂತಿ ತೂರಿಸಿ ನೋಡಿದರು.

ಇಷ್ಟೆಲ್ಲ ಮುಗಿದು ಬಲಬದಿಯ ಸರದಿ ಬರುವಷ್ಟರಲ್ಲಿ ಆಗಸ್ಟ್ ಕಳೆದುಹೋಯಿತು. ಆ ಶನಿವಾರ ತಾತ, ಮೊಮ್ಮಗಳು ವುಡ್‌ವರ್ಡ್ ರಸ್ತೆಯ ಪಕ್ಕ ಮಡಚುವ ಕುರ್ಚಿ ಹಾಕಿ ಬೇರೆಯವರ ವಾಹನಗಳನ್ನು ನೋಡಿದರು. ಹುಡುಗಿಯ ಕಣ್ಣು ಪ್ರತಿ ಟ್ರಕ್ಕಿನ ಬಾಗಿಲ ಸಂದಿಯ ಮೇಲೇ ಇತ್ತು. ಮಾರನೆಯ ವರ್ಷ ಎಫ್-1 ಬಣ್ಣ ಕಾಣದೆ, ಬರಿಯ ಕೆಂಪು ಪ್ರೈಮರ್ ಬಳಿದುಕೊಂಡೇ ಮೆರವಣಿಗೆಗೆ ಹೋಯಿತು. ಸ್ಟಿಯರಿಂಗ್ ಹಿಡಿದದ್ದು ಹುಡುಗಿಯ ತಂದೆ. ತಾತ ನಡುವೆ, ಮೊಮ್ಮಗಳು ಬಾಗಿಲ ಬಳಿ. ಮೊದಲು ಅಂದುಕೊಂಡ ಹಾಗೆ ಆಗಲಿಲ್ಲ. ಆದರೂ ಮೂವರೂ ಇದ್ದರು.

ರೂಜ್ ಕಾರ್ಖಾನೆಯಲ್ಲಿ ಈಗ ತಯಾರಾಗುವ ಎಫ್-150ರ ಮೈ ಉಕ್ಕಿನದಲ್ಲ. 2015ರ ಮಾದರಿಯಿಂದ ಅದು ಅಲ್ಯುಮಿನಿಯಂ ಮಿಶ್ರಲೋಹದ್ದು. ತೂಕ ಹಿಂದಿನ ಮಾದರಿಗಿಂತ ಸುಮಾರು 300 ಕಿಲೋವರೆಗೆ ಇಳಿಯಿತು. ಕೆಂಪು ತುಕ್ಕಿನ ಕಾಟವೂ ಮೈಗೆ ತಪ್ಪಿತು. ಅಡಿಯ ಚಾಸಿ ಮಾತ್ರ ಇಂದಿಗೂ ಉಕ್ಕು. ಉಪ್ಪು ಅದನ್ನು ಮರೆತಿಲ್ಲ.

ನವೆಂಬರ್‌ನಲ್ಲಿ ಮೊದಲ ಹಿಮ ಬೀಳುವ ಮುನ್ನ ಆ ಬೀದಿಯ ಗ್ಯಾರೇಜಿನ ಕದ ಮುಚ್ಚುತ್ತದೆ. ವಸಂತದಲ್ಲಿ ಒಂದೆರಡು ಒಳ್ಳೆಯ ಮಳೆ ಬಂದು ರಸ್ತೆಯ ಉಪ್ಪು ತೊಳೆದುಹೋಗುವವರೆಗೆ ಟ್ರಕ್ಕು ಹೊರಗೆ ಬರುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದ ಎರಡು ಅಂಕಿಗಳು ಮಾಸಿವೆ. ಯಾರೋ ಅವನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಹೊರಗೆ ಉಪ್ಪಿನ ಲಾರಿ ಹಳದಿ ದೀಪ ಮಿನುಗಿಸುತ್ತಾ ಹಾದುಹೋಗುತ್ತದೆ.